ಎರಡು ಅಂಕಣ ಸಾಕು

ಹಿಂದೆ ನಮ್ಮಲ್ಲಿ ಮನೆಯ ಗಾತ್ರವನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು. ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಇರುವ ಜಾಗ ಒಂದು ಅಂಕಣ. ಎರಡಂಕಣದವರು ಬಡವರು, ಹನ್ನೆರಡು ಅಂಕಣದವರು ಸ್ಥಿತಿವಂತರು. ಹೆಣ್ಣು ಕೊಡಲು ಹೊರಟವರಿಗೆ ಇಷ್ಟು ಗೊತ್ತಾದರೆ ಆಮೇಲೆ ಜಾತಕವೊಂದು ಕೂಡಿಬಂದರೆ ಸಾಕಿತ್ತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಹಳೇ ಮೈಸೂರಿನ ತೊಟ್ಟಿ ಮನೆಗಳ ಊರುಗಳಲ್ಲಿ ಆ ಹನ್ನೆರಡು ಅಂಕಣದೊಳಗೆ ಈಗ ಹೆಚ್ಚಾಗಿ ಕಾಣುವುದು ಇಬ್ಬರನ್ನು, ಇಬ್ಬರಿಗೂ ಎಪ್ಪತ್ತರ ಆಸುಪಾಸು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ ಸರಾಸರಿ ಮನೆಯೊಂದರಲ್ಲಿ 4.4 ಜನ ಎಂದಿತು. ಸರಾಸರಿ ಎಂದಮೇಲೆ ಕಿಕ್ಕಿರಿದ ಮನೆಗಳ ಲೆಕ್ಕವೂ ಅದರಲ್ಲಿ ಸೇರಿದೆ, ಇಬ್ಬರೇ ಉಳಿದ ಈ ಮನೆಗಳದ್ದೂ ಸೇರಿದೆ. ಇಂಥ ದಂಪತಿಗಳಲ್ಲಿ ಕೆಲವರು ಈಚೆಗೆ ಒಂದು ಹೆಜ್ಜೆ ಇಡತೊಡಗಿದ್ದಾರೆ. ದೊಡ್ಡ ಮನೆಯನ್ನು ಬಿಚ್ಚಿಯೋ ಬೀಗ ಹಾಕಿಯೋ, ತೋಟದ ಅಂಚಿನಲ್ಲಿ ಇಲ್ಲವೇ ಹತ್ತಿರದ ಪೇಟೆಯಲ್ಲಿ ತಮ್ಮ ಅಳತೆಗೆ ಒಂದು ಚಿಕ್ಕ ಮನೆ ಕಟ್ಟಿಸಿಕೊಳ್ಳುತ್ತಾರೆ. ಊರಿನವರು ಇದನ್ನು ನೋಡಿ ಒಂದೋ 'ಪಾಪ, ಇಳಿದುಹೋದರು' ಎನ್ನುತ್ತಾರೆ, ಇಲ್ಲವೇ 'ವಾನಪ್ರಸ್ಥ' ಎಂದು ಕೈಮುಗಿಯುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ದೊಡ್ಡ ಮನೆಗಳು ದೊಡ್ಡದಾಗಿದ್ದದ್ದು ಅಲ್ಲಿ ನಡೆಯುತ್ತಿದ್ದ ಕೆಲಸಕ್ಕಾಗಿ. ಕೆಲಸ ಹೋದಮೇಲೆ ಉಳಿದ ಜಾಗವನ್ನು ಬಿಡುವುದರಲ್ಲಿ ಸೋಲೂ ಇಲ್ಲ, ತ್ಯಾಗವೂ ಇಲ್ಲ. ಆದರೆ ಬಿಟ್ಟು ಬಂದವರು ಚಿಕ್ಕದನ್ನು ಕಟ್ಟುವ ಬಗೆಯಲ್ಲಿ ಎಡವುತ್ತಾರೆ, ನನ್ನ ತಕರಾರಿರುವುದು ಅದರ ಬಗ್ಗೆ.

ಮೊದಲಿಗೆ ಆ ಕೆಲಸದ ಮಾತು. ಮಲೆನಾಡಿನ ಹಳೆಯ ಮನೆಯೊಂದನ್ನು ಹೆಬ್ಬಾಗಿಲಿನಿಂದ ಹಿತ್ತಿಲವರೆಗೆ ನೋಡುತ್ತ ಹೋದರೆ, ಜನ ಮಲಗುವುದಕ್ಕೆಂದೇ ಮಾಡಿದ ಜಾಗ ಎಷ್ಟು ಕಡಿಮೆ ಎಂದು ಅಚ್ಚರಿಯಾಗುತ್ತದೆ. ಹೊರ ಜಗುಲಿ ಎಂದರೆ ಕಚೇರಿ: ಗೇಣಿದಾರರು, ಆಳುಗಳು, ಶಾನುಭೋಗರು, ಮಂಡಿಯವರು ಕೂತು ಎದ್ದು ಹೋಗುವ ಸ್ಥಳ. ಅಂಗಳದಲ್ಲಿ ಬೇಯಿಸಿದ ಅಡಕೆ ಒಣಗಬೇಕು, ಸುಗ್ಗಿಯಲ್ಲಿ ಭತ್ತ ರಾಶಿಯಾಗಬೇಕು. ಅಡಕೆ ಸುಲಿಯುವ ಕಾಲಕ್ಕೆ ರಾತ್ರಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಜಗುಲಿಯ ತುಂಬ ಮೆಟ್ಟುಗತ್ತಿಗಳ ಸಾಲು. ಪಣತದಲ್ಲಿ ವರ್ಷದ ಭತ್ತ, ಅಟ್ಟದ ಮೇಲೆ ಬೀಜ, ಹಗ್ಗ, ಬುಟ್ಟಿ, ಮಳೆಗಾಲದ ಗೊರಬು, ಉಗ್ರಾಣದಲ್ಲಿ ಉಪ್ಪು, ಬೆಲ್ಲ, ಮಿಡಿ ಉಪ್ಪಿನಕಾಯಿಯ ಜಾಡಿಗಳು. ಗಾಳಿಯಾಡದ ಒಂದು ಕತ್ತಲೆ ಕೋಣೆ ಬಾಣಂತಿಗೆ. ಬಚ್ಚಲಿನಲ್ಲಿ ಹಂಡೆ, ಅದರ ಒಲೆಯ ಹೊಟ್ಟೆ ತುಂಬಿಸಲು ಪಕ್ಕದಲ್ಲೇ ಸೌದೆ ಕೊಟ್ಟಿಗೆ, ಆಚೆ ದನದ ಕೊಟ್ಟಿಗೆ. ಕರಾವಳಿಗೆ ಇಳಿದರೆ ಹೆಸರುಗಳು ಚಾವಡಿ, ಪತ್ತಾಯ, ಅಕ್ಕಿ ಮುಡಿ ಎಂದು ಬದಲಾಗುತ್ತವೆ. ಬಯಲುಸೀಮೆಗೆ ಹೋದರೆ ಕಣಜ, ಹಗೇವು ಬರುತ್ತವೆ. ಲೆಕ್ಕ ಮಾತ್ರ ಒಂದೇ. ಇನ್ನು ಜನ? ಗಂಡಸರು ಜಗುಲಿಯಲ್ಲಿ, ಹೆಂಗಸರು ಮಕ್ಕಳು ನಡುಮನೆಯಲ್ಲಿ ಚಾಪೆ ಬಿಚ್ಚಿ ಮಲಗಿ, ಬೆಳಿಗ್ಗೆ ಸುತ್ತಿಡುತ್ತಿದ್ದರು. ಹೊಸದಾಗಿ ಮದುವೆಯಾದವರಿಗೆ ಒಂದು ಕೋಣೆ ಸಿಕ್ಕಿದರೆ ಅದು ದೊಡ್ಡ ಉಪಕಾರ. ಇಪ್ಪತ್ತು ಜನರ ಆ ಮನೆಯಲ್ಲಿ ತಲೆಗೆ ಇಷ್ಟು ಎಂದು ಜಾಗ ಹಂಚಿದ್ದರೆ ಒಬ್ಬೊಬ್ಬರ ಪಾಲಿಗೆ ಬರುತ್ತಿದ್ದದ್ದು ಇವತ್ತಿನ ಬಾಡಿಗೆ ಮನೆಯಲ್ಲಿ ಸಿಗುವುದಕ್ಕಿಂತ ಕಡಿಮೆಯೇ. ಉಳಿದದ್ದೆಲ್ಲ ಭತ್ತದ್ದು, ಅಡಕೆಯದ್ದು, ಸೌದೆಯದ್ದು, ದನದ್ದು.

ಈ ಒಡೆಯರು ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿದರು. ಮೊದಲು ಹೋದದ್ದು ಭತ್ತ. ತಿದ್ದುಪಡಿಯಾದ ಕರ್ನಾಟಕ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿದಾರರು ಏಳನೇ ನಮೂನೆ ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿದರು, ದಕ್ಷಿಣ ಕನ್ನಡದವರ ಬಾಯಲ್ಲಿ 'ಡಿಕ್ಲರೇಶನ್ ಕೊಟ್ಟರು'. ಉತ್ತವನ ಭತ್ತ ಉತ್ತವನ ಅಂಗಳದಲ್ಲೇ ನಿಂತಿತು. ಅದು ನ್ಯಾಯವಾಗಿಯೇ ಆಯಿತು, ಅದಕ್ಕಾಗಿ ಕಣ್ಣೀರು ಹಾಕುವ ಕಾರಣವಿಲ್ಲ. ಆದರೆ ನೂರಾರು ಮುಡಿ ಹಿಡಿಯುತ್ತಿದ್ದ ಪತ್ತಾಯಗಳು ಅಂದಿನಿಂದ ಹಳೆ ಪತ್ರಿಕೆ, ಮುರಿದ ಕುರ್ಚಿ ಇಡುವ ಜಾಗವಾದವು. ಸಿಲಿಂಡರ್ ಬಂದು ಸೌದೆ ಕೊಟ್ಟಿಗೆಯನ್ನು ಮುಗಿಸಿತು, ಹಾಲಿನ ಡೈರಿ ದನದ ಕೊಟ್ಟಿಗೆಯನ್ನು, ಫ್ರಿಜ್ ಮತ್ತು ಕಿರಾಣಿ ಅಂಗಡಿಗಳು ಉಗ್ರಾಣವನ್ನು. ಬಾಣಂತಿ ಕೋಣೆ ಆಸ್ಪತ್ರೆಗೆ ಹೋಯಿತು: ಆಗಲೇ ಹೇಳಿದ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಗುವುದು ಅಲ್ಲೇ. ಅಂಗಳದ ಚಪ್ಪರದ ಮದುವೆ ಪೇಟೆಯ ಕಲ್ಯಾಣ ಮಂಟಪ ಸೇರಿತು. ಕೊನೆಗೆ ಉಳಿದದ್ದು ಅಡಕೆ. ಅದನ್ನೂ ಈಗ ಬಹಳ ಜನ ಮರದ ಮೇಲಿರುವಾಗಲೇ ಚೇಣಿಗೆ ಕೊಡುತ್ತಾರೆ. ಚೇಣಿದಾರ ಕೊನೆ ತೆಗೆಸಿ, ತನ್ನ ಶೆಡ್ಡಿಗೆ ಒಯ್ದು, ಯಂತ್ರಕ್ಕೆ ಹಾಕಿ ಸುಲಿಸಿ, ದುಡ್ಡು ಖಾತೆಗೆ ಹಾಕುತ್ತಾನೆ. ಹಾಗಾಗಿ ತೋಟ ಇದ್ದವರ ಮನೆಯ ಅಂಗಳಕ್ಕೂ ಒಂದು ಅಡಕೆ ಬೀಳುವುದಿಲ್ಲ. ಐವತ್ತು ವರ್ಷಗಳಲ್ಲಿ ಮನೆ ಒಂದಡಿಯೂ ಕುಗ್ಗಲಿಲ್ಲ, ಒಳಗಿನ ಉದ್ಯೋಗ ಮಾತ್ರ ಪೂರ್ತಿ ಖಾಲಿಯಾಯಿತು.

ಖಾಲಿಯಾದರೇನು, ಇದ್ದಷ್ಟು ದಿನ ಇರಲಿ ಎನ್ನಬಹುದು. ಇರುವುದಿಲ್ಲ ಎನ್ನುವುದೇ ತೊಂದರೆ. ಈ ಮನೆಗಳ ಮರ ಉಳಿದದ್ದಕ್ಕೆ ಒಂದು ಮುಖ್ಯ ಕಾರಣ ಒಲೆಯ ಹೊಗೆ. ಅಡುಗೆಮನೆಯಿಂದ, ಬಚ್ಚಲೊಲೆಯಿಂದ ಎದ್ದ ಹೊಗೆ ಅಟ್ಟಕ್ಕೇರಿ, ಪಕಾಸಿ ರೀಪುಗಳಿಗೆ ಕಪ್ಪು ಕಿಟ್ಟದ ಲೇಪ ಹಚ್ಚಿ, ಹೆಂಚಿನ ಸಂದಿಯಿಂದ ಹೊರಬೀಳುತ್ತಿತ್ತು. ತೇವ ಆರುತ್ತಿತ್ತು, ಹುಳ ಬರುತ್ತಿರಲಿಲ್ಲ. ಗ್ಯಾಸ್ ಬಂದು ಹೆಂಗಸರ ಕಣ್ಣು, ಶ್ವಾಸಕೋಶ ಉಳಿದವು. ಮಾಡಿನ ಮರಕ್ಕೆ ಒರಲೆ ಹಿಡಿಯಿತು. ಈ ಬದಲಿಯಲ್ಲಿ ಲಾಭ ಯಾವುದೆಂದು ನನಗೆ ಸಂಶಯವಿಲ್ಲ, ಆದರೆ ಮಾಡಿನ ಲೆಕ್ಕವನ್ನು ಯಾರಾದರೂ ತೀರಿಸಲೇಬೇಕು. ಇನ್ನು ಹೆಂಚು. ನಾವು ಅನಾದಿಕಾಲದ್ದು ಎಂದು ಭಾವಿಸಿರುವ ಆ ಕೆಂಪು ಮಾಡು ಅಷ್ಟೇನೂ ಹಳೆಯದಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮುಂಚೆ ಬಹುಪಾಲು ಮನೆಗಳಿಗೆ ಹುಲ್ಲು, ಸೋಗೆ, ವರ್ಷವರ್ಷ ಹೊದಿಸುವ ಶ್ರಮ. ಹೆಂಚು ಬಂದಮೇಲೆ ಆ ಶ್ರಮ ಇಳಿಯಿತು, ತಪ್ಪಲಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು: ಒಡೆದದ್ದು ತೆಗೆದು, ಕಸ ಗುಡಿಸಿ, ಮಂಗ ಸರಿಸಿದ್ದನ್ನು ಮತ್ತೆ ಕೂರಿಸಬೇಕು. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜೂನಿನಲ್ಲಿ ಒಂದು ಹೆಂಚು ಜಾರಿದರೆ ಆಗಸ್ಟಿನಲ್ಲಿ ಒಂದು ತೊಲೆ ಹೋಗುತ್ತದೆ. ಮೇಲೆ ಹತ್ತುವ ಆಳು ಸಿಗುವುದಿಲ್ಲ, ಸಿಕ್ಕಿದವನು ಇನ್ನೂ ಮೂರು ಮನೆಗೆ ಮಾತು ಕೊಟ್ಟಿರುತ್ತಾನೆ, ಎಪ್ಪತ್ತೆರಡರ ಯಜಮಾನರು ಏಣಿ ಹತ್ತುವಂತಿಲ್ಲ. ದೊಡ್ಡ ಮನೆಯ ವೈಭವವನ್ನು ಹೊಗಳುವವರು ಒಮ್ಮೆ ಮೇ ತಿಂಗಳ ಕೊನೆಯ ವಾರದಲ್ಲಿ ಆ ಮನೆಗೆ ಬಂದು ಹೋಗಬೇಕು.

ಹೊಗಳುವವರು ಯಾರು ಎನ್ನುವುದನ್ನೂ ಗಮನಿಸಬೇಕು. ದೊಡ್ಡ ಮನೆಯ ಬಗ್ಗೆ ಗದ್ಗದರಾಗುವವರಲ್ಲಿ ಹೆಚ್ಚಿನವರು ಅದನ್ನು ಗುಡಿಸಿದವರಲ್ಲ. ಅಷ್ಟು ಅಂಕಣ ಸೆಗಣಿ ಹಾಕಿ ಸಾರಿಸಿದ್ದು, ಹೆಬ್ಬಾಗಿಲಿನಿಂದ ಬಚ್ಚಲಿಗೆ ದಿನಕ್ಕೆ ಎಷ್ಟೋ ಸಲ ನಡೆದದ್ದು, ಬಾವಿಯಿಂದ ಹಂಡೆಗೆ ನೀರು ಹೊತ್ತದ್ದು, ಜಗುಲಿಯಲ್ಲಿ ಕೂತವರ ಎಣಿಕೆ ಕೇಳಿ ಕಾಫಿ ಲೋಟ ಕಳಿಸಿದ್ದು ಎಲ್ಲ ಹೆಂಗಸರು. ಮನೆಯ ಅತ್ಯಂತ ಒಳ್ಳೆಯ ಗಾಳಿ ಬೆಳಕು ಜಗುಲಿಗೆ, ಅತ್ಯಂತ ಕೆಟ್ಟ ಗಾಳಿ ಅಡುಗೆಮನೆಗೆ. ಕಟ್ಟಿದವರ ಮನಸ್ಸಿನಲ್ಲಿದ್ದ ಮರ್ಯಾದೆಯ ಪಟ್ಟಿ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲೂ ಬರೆದಿಲ್ಲ. ಚಿಕ್ಕ ಮನೆಗೆ ಹೋಗುವ ಮಾತು ಬಂದಾಗ ಗಂಡಸರು ಕಂಬದ ಕೆತ್ತನೆಯ ಬಗ್ಗೆ ಮಾತಾಡುತ್ತಾರೆ, ಹೆಂಗಸರು ಸಿಂಕ್ ಯಾವ ಗೋಡೆಗೆ ಎಂದು ಕೇಳುತ್ತಾರೆ ಎಂಬ ತಮಾಷೆಯಲ್ಲಿ ಸಾಕಷ್ಟು ಸತ್ಯವಿದೆ. ಹಿರಿಯರ ಮನೆಯ ಮೇಲಿನ ಪ್ರೀತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ಪ್ರೀತಿಯ ಖರ್ಚನ್ನು ಯಾರ ಮೊಣಕಾಲು ಭರಿಸುತ್ತಿದೆ ಎಂದು ಕೇಳಿ ಆಮೇಲೆ ತೀರ್ಮಾನಿಸಬೇಕು ಎನ್ನುತ್ತೇನೆ, ಅಷ್ಟೆ.

ಈ ವಿಷಯದಲ್ಲಿ ನಮಗಿಂತ ಎಂಟುನೂರು ವರ್ಷ ಮೊದಲು ಲೆಕ್ಕ ಬರೆದಿಟ್ಟವನು ಜಪಾನಿನ ಕಾಮೊ ನೊ ಚೋಮೆಯ್. ಕ್ಯೋಟೋದ ಒಂದು ದೊಡ್ಡ ದೇವಸ್ಥಾನದ ಅರ್ಚಕ ಮನೆತನದವನು, ಕವಿ, ವಾದ್ಯಗಾರ. ಅಜ್ಜಿಯ ಕಡೆಯಿಂದ ಬಂದ ದೊಡ್ಡ ಮನೆಯಲ್ಲಿದ್ದು, ಮೂವತ್ತು ದಾಟಿದ ಮೇಲೆ ಅದನ್ನು ಬಿಟ್ಟು ಅದರ ಹತ್ತನೇ ಒಂದು ಪಾಲಿನ ಮನೆ ಕಟ್ಟಿಕೊಂಡ. ಅರವತ್ತರ ಹೊತ್ತಿಗೆ ಆ ಎರಡನೆಯದರ ನೂರನೇ ಒಂದು ಪಾಲೂ ಇಲ್ಲದ ಗುಡಿಸಲನ್ನು ಹಿನೊ ಬೆಟ್ಟದಲ್ಲಿ ಕಟ್ಟಿದ: ಹತ್ತಡಿ ಚೌಕ, ಎತ್ತರ ಏಳಡಿಗಿಂತ ಕಡಿಮೆ. ಈ ಕತೆಯನ್ನು 1212ರಲ್ಲಿ ಬರೆದ 'ಹೋಜೋಕಿ' ಎಂಬ ಪುಟ್ಟ ಪುಸ್ತಕದಲ್ಲಿ ಹೇಳಿದ್ದಾನೆ. ಅವನ ನಿರ್ಧಾರದ ಹಿಂದೆ ಬೌದ್ಧ ವೈರಾಗ್ಯ ಇತ್ತು, ನಿಜ. ಕಣ್ಣಾರೆ ಕಂಡ ವಿಪತ್ತುಗಳೂ ಇದ್ದವು. 1177ರ ಬೆಂಕಿ, 1180ರ ಸುಂಟರಗಾಳಿ, ಆಮೇಲಿನ ಬರ, 1185ರ ಭೂಕಂಪ ಎಲ್ಲವೂ ರಾಜಧಾನಿಯ ಮನೆಗಳನ್ನು, ಜನರನ್ನು ಬಲಿ ಪಡೆದವು. ನನಗೆ ಹಿಡಿಸುವುದು ಅವನ ವೈರಾಗ್ಯಕ್ಕಿಂತ ಬಡಗಿತನ. ಗುಡಿಸಲಿನ ಕೀಲುಗಳಿಗೆ ಕೊಂಡಿ ಹಾಕಿ ಕಳಚುವಂತೆ ಮಾಡಿದ. ಜಾಗ ಸರಿಬೀಳದಿದ್ದರೆ ಎರಡು ಗಾಡಿಯಲ್ಲಿ ಇಡೀ ಮನೆ ಹೇರಿಕೊಂಡು ಹೋಗಬಹುದು. ಪೂರ್ವಕ್ಕೆ ಮಾಡು ಚಾಚಿ ಸೌದೆ ಉರಿಸುವ ಜಾಗ, ದಕ್ಷಿಣಕ್ಕೆ ಬಿದಿರಿನ ಜಗುಲಿ, ಒಳಗೆ ಅಮಿದ ಬುದ್ಧನ ಚಿತ್ರ, ಪದ್ಯದ ಪುಸ್ತಕಗಳ ಪೆಟ್ಟಿಗೆ, ಮಡಚಿಡಬಹುದಾದ ಎರಡು ತಂತಿವಾದ್ಯ. ಉಗ್ರಾಣ, ಅತಿಥಿಗಳ ಕೋಣೆ ಯಾವುದೂ ಇಲ್ಲ, ವಾದ್ಯ ಮಾತ್ರ ಎರಡು! ಬದುಕಿನಲ್ಲಿ ನಿಜಕ್ಕೂ ಏನು ಮಾಡುತ್ತೇನೆ ಎಂದು ಗೊತ್ತಿದ್ದವನು ಮಾತ್ರ ಹೀಗೆ ಕಟ್ಟಬಲ್ಲ. ಕೊನೆಗೆ ಈ ಗುಡಿಸಲಿನ ಮೇಲೂ ಮೋಹ ಬೆಳೆಯಿತು, ಅದೂ ಒಂದು ಬಂಧನವೇ ಎಂದು ಅವನೇ ತಪ್ಪೊಪ್ಪಿಕೊಳ್ಳುತ್ತಾನೆ. ಚಿಕ್ಕ ಮನೆಗೆ ಹೋದವರನ್ನೆಲ್ಲ ವಿರಾಗಿಗಳೆಂದು ಕೈಮುಗಿಯುವವರಿಗೆ ಇಷ್ಟು ಸಾಕ್ಷಿ ಸಾಕು.

ಈಗ ನನ್ನ ತಕರಾರು. ನಮ್ಮಲ್ಲಿ ಹೊಸದಾಗಿ ಏಳುವ ಚಿಕ್ಕ ಮನೆಗಳಲ್ಲಿ ಬಹುಪಾಲು, ಅಪ್ಪನ ಕೋಟನ್ನು ಕತ್ತರಿಸಿ ಮಗನಿಗೆ ಹೊಲಿಸಿದ ಹಾಗಿರುತ್ತವೆ: ಎಲ್ಲ ಜೇಬುಗಳೂ ಇವೆ, ಯಾವುದರೊಳಗೂ ಕೈ ಹೋಗುವುದಿಲ್ಲ. ಎಂಟುನೂರು ಚದರಡಿಯೊಳಗೆ ಒಂದು ಡ್ರಾಯಿಂಗ್ ರೂಮು, ಒಂದು ಲಿವಿಂಗ್ ರೂಮು, ಒಬ್ಬರು ಕೂತರೆ ಮಂಗಳಾರತಿ ತಟ್ಟೆ ಆಡಿಸಲಾಗದ ದೇವರ ಕೋಣೆ, ವರ್ಷಕ್ಕೆರಡು ಸಲ ತೆರೆಯುವ ಗೆಸ್ಟ್ ರೂಮು, ಅದಕ್ಕೊಂದು ಬಾತ್‌ರೂಮು, ಎದುರಿಗೆ ಕುರ್ಚಿ ಹಿಡಿಯದ ಜಗುಲಿ. ಇದರ ಮೇಲೆ ಹಳೆ ಮನೆಯ ಹೆಬ್ಬಾಗಿಲನ್ನು ತಂದು ಕೂರಿಸುತ್ತಾರೆ. ಅದು ಮುಂದಿನ ಗೋಡೆಯ ಅರ್ಧವನ್ನು ನುಂಗುತ್ತದೆ, ಒಳಗೆ ತೆರೆದರೆ ಸೋಫಾಕ್ಕೆ ಬಡಿಯುತ್ತದೆ. ಹಳಬರು ಅಳತೆಯ ವಿಷಯದಲ್ಲಿ ಇಷ್ಟು ಅಸಡ್ಡೆಯವರಾಗಿರಲಿಲ್ಲ. ಅವರು ಕೋಲು ಮೊಳಗಳಲ್ಲಿ ಅಳೆದು, ಲೆಕ್ಕವನ್ನು ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಆಯ ನೋಡುತ್ತಿದ್ದರು: ಒಂದು ಉಳಿದರೆ ಧ್ವಜಾಯ, ಮೂರಕ್ಕೆ ಸಿಂಹಾಯ, ಐದಕ್ಕೆ ವೃಷಭಾಯ, ಏಳಕ್ಕೆ ಗಜಾಯ. ಆ ಶಾಸ್ತ್ರದ ಫಲಾಫಲ ನನಗೆ ಬೇಡ. ಮನೆಯನ್ನು ಒಂದು ಬೆರಳಿನಷ್ಟು ಹಿಗ್ಗಿಸಿ ಕುಗ್ಗಿಸಿ ಅಳೆಯುವ ತಾಳ್ಮೆ ಅದರಲ್ಲಿತ್ತು, ಅದು ಬೇಕು. ಇಂದು ಅಳೆಯಬೇಕಾದದ್ದು ದಿನಚರಿಯನ್ನು. ಬೆಳಿಗ್ಗೆ ಎದ್ದವರು ಎಲ್ಲಿ ಕೂತು ಕಾಫಿ ಕುಡಿಯುತ್ತಾರೆ, ಪತ್ರಿಕೆ ಓದಲು ಬೆಳಕು ಯಾವ ಕಡೆಯಿಂದ ಬರಬೇಕು, ತರಕಾರಿ ಹೆಚ್ಚುವುದು ನಿಂತೋ ಕೂತೋ, ಮಳೆಗಾಲದ ಬಟ್ಟೆ ಎಲ್ಲಿ ಒಣಗುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಎರಡು ಕೋಣೆ ತಾವಾಗಿಯೇ ಬಿದ್ದುಹೋಗುತ್ತವೆ, ಉಳಿದವು ಧಾರಾಳವಾಗುತ್ತವೆ. ಕಾನೂನಿನ ಕನಿಷ್ಠ ಅಳತೆಯನ್ನು ನೆಚ್ಚಿಕೊಂಡರೆ ಆಗುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಶೌಚ ಸೇರಿದ ಬಚ್ಚಲಿಗೆ 2.8 ಚದರ ಮೀಟರ್ ಸಾಕು, ಅಗಲ 1.2 ಮೀಟರ್ ಇದ್ದರೆ ಆಯಿತು. ಗಾಲಿಕುರ್ಚಿ ಒಂದು ಸುತ್ತು ತಿರುಗಲು ಬೇಕಾದದ್ದು 1.5 ಮೀಟರ್. ಮುದುಕರಿಗಾಗಿಯೇ ಕಟ್ಟಿದ ಮನೆಯ ಬಚ್ಚಲು ಕಾನೂನಿಗೆ ಸರಿಯಾಗಿದ್ದು ಮುದುಕರಿಗೆ ಸರಿಯಾಗದೆ ಹೋಗುವುದು ಹೀಗೆ.

ಕೋಣೆ ಬಿಡುವ ಧೈರ್ಯಕ್ಕೆ ಇನ್ನೊಂದು ಉದಾಹರಣೆ ಇದೆ. ಚಂಡೀಗಢವನ್ನು ರೂಪಿಸಿದ ಲೆ ಕೊರ್ಬುಸಿಯೆ ಅದೇ ವರ್ಷಗಳಲ್ಲಿ ತನಗಾಗಿ, ಹೆಂಡತಿಗಾಗಿ ಫ್ರಾನ್ಸಿನ ದಕ್ಷಿಣದ ಕಡಲ ಬದಿಯಲ್ಲಿ ಒಂದು ಮರದ ಕ್ಯಾಬಿನ್ ಕಟ್ಟಿಸಿದ. 1952ರಲ್ಲಿ ಮುಗಿದ ಅದರ ಒಳಗಿನ ಅಳತೆ 3.66 ಮೀಟರ್ ಚೌಕ, ಎತ್ತರ 2.26 ಮೀಟರ್. 1.83 ಮೀಟರ್ ಎತ್ತರದ ಮನುಷ್ಯ ಕೈ ಎತ್ತಿ ನಿಂತರೆ ಎಷ್ಟೋ ಅಷ್ಟು ಎತ್ತರ, ಅಂಥ ಮನುಷ್ಯರಿಬ್ಬರು ಮಲಗಿದರೆ ಎಷ್ಟೋ ಅಷ್ಟು ಉದ್ದ. ನಮ್ಮ ಮೊಳದ ಲೆಕ್ಕದ ದೂರದ ನೆಂಟ. ಅದರಲ್ಲಿ ಅಡುಗೆಮನೆ ಇಲ್ಲ. ಪಕ್ಕದಲ್ಲೇ ಗೆಳೆಯನ ಹೋಟೆಲು, ಕ್ಯಾಬಿನ್ನಿನಿಂದ ನೇರ ಅದಕ್ಕೊಂದು ಬಾಗಿಲು. ಇದನ್ನು ಓದಿದವರು ಅವನ ಜಾಣ್ಮೆಯನ್ನು ಮೆಚ್ಚುತ್ತಾರೆ. ನಾನು ಆ ಹೋಟೆಲಿನವರನ್ನು ನೆನೆಯುತ್ತೇನೆ. ಚಿಕ್ಕ ಮನೆ ತನ್ನೊಳಗಿಲ್ಲದ್ದನ್ನು ಹೊರಗಿನಿಂದ ಪಡೆಯಬೇಕು. ಆದ್ದರಿಂದ ಅದನ್ನು ಎಲ್ಲಿ ಕಟ್ಟುತ್ತೇವೆ ಎನ್ನುವುದು ಎಷ್ಟು ದೊಡ್ಡದಾಗಿ ಎನ್ನುವುದಕ್ಕಿಂತ ಮುಖ್ಯ. ಔಷಧದ ಅಂಗಡಿ, ಬಸ್ ಸ್ಟಾಪ್, ಗ್ರಂಥಾಲಯ, ಬೆಳಿಗ್ಗೆ ಇಡ್ಲಿ ಸಿಗುವ ಹೋಟೆಲು ನಡೆದು ಹೋಗುವಷ್ಟು ಹತ್ತಿರವಿದ್ದರೆ ಎರಡು ಅಂಕಣ ಸಾಕು. ನೋಟ ಚೆನ್ನಾಗಿದೆ ಎಂದು ಗುಡ್ಡದ ತುದಿಯಲ್ಲಿ ಕಟ್ಟಿಕೊಂಡರೆ ಉಗ್ರಾಣವನ್ನೂ ಕಟ್ಟಬೇಕಾಗುತ್ತದೆ, ಕಾರು ಶೆಡ್ಡನ್ನೂ.

ಆಕ್ಷೇಪಗಳು ಬರುತ್ತವೆ, ಮೊದಲನೆಯದು ಮಕ್ಕಳದ್ದು. ಮೊಮ್ಮಕ್ಕಳು ಬಂದರೆ ಎಲ್ಲಿ ಮಲಗುತ್ತಾರೆ? ಹಳೆ ಮನೆಯಲ್ಲಿ ಅವರ ಅಪ್ಪಂದಿರು ಮಲಗುತ್ತಿದ್ದ ಹಾಗೆ ಹಾಸಿಗೆ ಹಾಸಿ ಮಲಗುತ್ತಾರೆ. ಬೇಸಿಗೆ ರಜೆಯ ಸುಖವೇ ಅದು. ಹತ್ತು ದಿನದ ಅನುಕೂಲಕ್ಕಾಗಿ ಉಳಿದ ಮುನ್ನೂರೈವತ್ತೈದು ದಿನ ಧೂಳು ಒರೆಸುವ ಕೋಣೆ ಬೇಡ. ಬುದ್ಧಿವಂತರು ಇನ್ನೊಂದು ದಾರಿ ಸೂಚಿಸುತ್ತಾರೆ: ದೊಡ್ಡ ಮನೆಯನ್ನು ಹೋಮ್‌ಸ್ಟೇ ಮಾಡಿದರಾಗದೇ, ಕೊಡಗಿನವರು, ಚಿಕ್ಕಮಗಳೂರಿನವರು ಮಾಡುತ್ತಿಲ್ಲವೇ? ಮಾಡಬಹುದು, ಮಾಡಿದವರ ಮನೆಗಳು ಚೆನ್ನಾಗಿಯೂ ಇವೆ. ಆದರೆ ಅವು ಉಳಿದದ್ದು ಏಕೆಂದರೆ ಅಲ್ಲಿಗೆ ಹೊಸದೊಂದು ಉದ್ಯೋಗ ಬಂತು. ಭತ್ತದ ಜಾಗಕ್ಕೆ ಪ್ರವಾಸಿಗರು ಬಂದರು. ನನ್ನ ವಾದವನ್ನು ಅವು ಬೀಳಿಸುವುದಿಲ್ಲ, ಎತ್ತಿಹಿಡಿಯುತ್ತವೆ. ಹೊಸ ಉದ್ಯೋಗ ಹೂಡುವ ಹುಮ್ಮಸ್ಸು, ಆಳುಕಾಳು ಇದ್ದವರು ಅದನ್ನು ಮಾಡಲಿ. ಮನೆ ಉಳಿಸುವುದಕ್ಕೆಂದು ಎಪ್ಪತ್ತರ ದಂಪತಿ ಅಪರಿಚಿತರಿಗೆ ಬೆಳಗ್ಗೆ ಆರಕ್ಕೆ ಕಡುಬು ಬೇಯಿಸಬೇಕೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ದೇವರ, ದೈವದ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ನಾಗ, ದೈವ, ಮನೆದೇವರು ಇರುವ ಜಾಗವನ್ನು ಬಿಟ್ಟುಹೋಗುವುದು ಹೇಗೆ? ಇದಕ್ಕೆ ಉತ್ತರವನ್ನು ತುಳುನಾಡು ಆಗಲೇ ಕಂಡುಕೊಂಡಿದೆ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕೂಡುಕುಟುಂಬ ಪಾಲಾಗಲು ದಾರಿ ಮಾಡಿಕೊಟ್ಟಿತು. ಕುಟುಂಬದ ಕವಲುಗಳಾದ ಕವರುಗಳು ಬೇರೆ ಬೇರೆಯಾಗಿ ಮನೆ ಮಾಡಿಕೊಂಡವು. ಆದರೂ ಅನೇಕ ಕುಟುಂಬಗಳು ಮೂಲದ ಮನೆಯನ್ನು ದೈವಕ್ಕೆ ಬಿಟ್ಟು, ಎಲ್ಲರೂ ಸೇರಿ ದುರಸ್ತಿ ಮಾಡಿಸಿ, ನೇಮಕ್ಕೆ, ತಂಬಿಲಕ್ಕೆ ವರ್ಷಕ್ಕೊಮ್ಮೆ ಕೂಡುತ್ತವೆ. ವಾಸ ಬೇರೆ, ನಡಾವಳಿ ಬೇರೆ ಎಂದು ವಿಂಗಡಿಸಿದಮೇಲೆ ಚಾವಡಿಯೊಂದು ಉಳಿದರೆ ಸಾಕು, ಹನ್ನೆರಡು ಅಂಕಣವೂ ಉಳಿಯಬೇಕಿಲ್ಲ. ಮರಗೆಲಸದ ಚಂದಕ್ಕಾಗಿ ಉಳಿಯಬೇಕಾದ ಮನೆಗಳೂ ಇವೆ. ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಅಂಥವನ್ನು ಊರೂರಿನಿಂದ ಬಿಚ್ಚಿಸಿ ತಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಕೂಟ ಕೀಲುಗಳಿಂದ ಕಟ್ಟಿದ ಮನೆಗಳಾದ್ದರಿಂದ ಚೋಮೆಯ್‌ನ ಗುಡಿಸಲಿನಂತೆ ಅವೂ ಗಾಡಿ ಏರಿ ಬಂದವು. ಕುಪ್ಪಳಿಯ ಕವಿಮನೆಯನ್ನು ಜನ ಹೋಗಿ ನೋಡುತ್ತಾರೆ, ಸರಿಯಾಗಿಯೇ ಇದೆ. ಎಲ್ಲ ದೊಡ್ಡ ಮನೆಗಳಲ್ಲೂ ಕುವೆಂಪು ಬೆಳೆಯಲಿಲ್ಲ.

ಖರ್ಚಿನ ವಿಷಯದಲ್ಲಿ ಮಾತ್ರ ಆಕ್ಷೇಪಿಸುವವರು ಅರ್ಧ ಸರಿ. ಅರ್ಧ ಗಾತ್ರದ ಮನೆ ಅರ್ಧ ದುಡ್ಡಿಗೆ ಆಗುವುದಿಲ್ಲ. ಮನೆಯಲ್ಲಿ ದುಡ್ಡು ತಿನ್ನುವುದು ಅಡುಗೆಮನೆ ಮತ್ತು ಬಚ್ಚಲು: ಪೈಪು, ನಲ್ಲಿ, ಟೈಲ್ಸು, ವೈರಿಂಗು. ಅಗ್ಗವಾದದ್ದು ಖಾಲಿ ಕೋಣೆ. ಚಿಕ್ಕದು ಮಾಡುವಾಗ ಬಿಡುವುದು ಅಗ್ಗದ ಭಾಗವನ್ನು, ಆದ್ದರಿಂದ ಚದರಡಿಯ ದರ ಏರುತ್ತದೆ. ಗೋಡೆಯಲ್ಲಿ ಸ್ವಲ್ಪ ಉಳಿಸಬಹುದು. ವಾಸ್ತುಶಿಲ್ಪಿ ಲಾರಿ ಬೇಕರ್ ಹಬ್ಬಿಸಿದ, ಗೋಡೆಯೊಳಗೆ ಪೊಳ್ಳು ಬಿಡುವ ರ‍್ಯಾಟ್‌ಟ್ರ್ಯಾಪ್ ಕಟ್ಟುವಿಕೆಯಲ್ಲಿ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಪತ್ತಾಯಗಳು ಖಾಲಿಯಾಗತೊಡಗಿದ ಅದೇ ವರ್ಷ, ಶುರುವಾದ 'ಅಸ್ತ್ರ' ಕೇಂದ್ರದವರು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಸುಧಾರಿಸಿ ಕೊಟ್ಟಿದ್ದಾರೆ. ಆದರೆ ನಿಜವಾದ ಉಳಿತಾಯ ಕಟ್ಟುವಾಗಲ್ಲ, ಆಮೇಲೆ ಪ್ರತಿ ಮೇ ತಿಂಗಳಲ್ಲಿ. ಇದರ ಜೊತೆಗೆ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕವಾಗುತ್ತದೆ. ಚಿಕ್ಕ ಮನೆಯ ಗುಣಗಾನವನ್ನು ಐದು ಜನರ ಸಂಸಾರಕ್ಕೆ ಕೇಳಿಸಬಾರದು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ನಿಗದಿಯಾದ ಕನಿಷ್ಠ ಅಳತೆ 25 ಚದರ ಮೀಟರ್, ಅಡುಗೆಯ ಜಾಗವೂ ಸೇರಿ. ಅದರಲ್ಲಿ ಇರುವವರು ಅದನ್ನು ಆಯ್ದುಕೊಂಡವರಲ್ಲ. ನಾನು ವಾದಿಸುತ್ತಿರುವುದು ಬಿಡಲು ಏನಾದರೂ ಇದ್ದವರ ಪರವಾಗಿ. ಸರಳ ಬದುಕಿನ ಉಪದೇಶ ಅಲ್ಲಿಗೇ ನಿಲ್ಲಬೇಕು.

ಕಡೆಯ ಆಕ್ಷೇಪ ನನಗೇ ಹೊಳೆಯುವಂಥದ್ದು. ಅಳತೆಗೆ ತಕ್ಕಂತೆ ಕಟ್ಟಿದ ಮನೆ ಇವತ್ತಿನ ದೇಹಕ್ಕೆ ಸರಿ, ಹತ್ತು ವರ್ಷದ ನಂತರದ ದೇಹಕ್ಕೆ? ಕೋಲ್ಕತ್ತದ ಜೋಡಾಸಾಂಕೋದ ಬಂಗಲೆಯಲ್ಲಿ ಹುಟ್ಟಿದ ರವೀಂದ್ರನಾಥ ಟ್ಯಾಗೋರರು ಶಾಂತಿನಿಕೇತನದಲ್ಲಿ ಒಂದಾದ ಮೇಲೊಂದು ಮನೆ ಕಟ್ಟಿಸುತ್ತ ಹೋದರು. 1935ರಲ್ಲಿ ಛಾವಣಿಯೂ ಸೇರಿ ಮಣ್ಣಿನದೇ ಆದ 'ಶ್ಯಾಮಲಿ' ಎದ್ದಿತು, ಆಮೇಲೆ 'ಪುನಶ್ಚ', ಅದಾದಮೇಲೆ 'ಉದೀಚಿ'. ಬೇಸರವಾದಾಗೆಲ್ಲ ಹೊಸ ಮನೆ ಎಂಬ ಸೌಭಾಗ್ಯ ಉಳಿದವರಿಗಿಲ್ಲ, ಹಾಗಾಗಿ ಮುಂದಿನ ದೇಹಕ್ಕೆ ಈಗಲೇ ಅವಕಾಶ ಇಡಬೇಕು. ಮನೆಗೆ ಮೆಟ್ಟಿಲು ಬೇಡ. ಬಚ್ಚಲ ಗೋಡೆ ಹಿಡಿಗಂಬಿಯ ಭಾರ ತಡೆಯುವಷ್ಟು ಗಟ್ಟಿಯಿರಲಿ, ಸ್ವಿಚ್ಚು ಸೊಂಟದೆತ್ತರಕ್ಕಿರಲಿ. ಒಬ್ಬರೇ ಉಳಿಯುವ ದಿನ ಬರುತ್ತದೆ, ಅಂದು ಮಲಗುವಲ್ಲಿಂದ ಕೂಗಿದರೆ ಪಕ್ಕದ ಮನೆಗೆ ಕೇಳಿಸುವಂತಿರಲಿ. ಇದನ್ನೆಲ್ಲ ನಿಂತು ಮಾಡಿಸಲು ಮೈಯಲ್ಲಿ ಕಸುವಿರಬೇಕು, ಮೇಸ್ತ್ರಿಯೊಡನೆ ಜಗಳವಾಡುವ ದನಿಯಿರಬೇಕು. ಎಂಬತ್ತಕ್ಕೆ ಹೊರಟರೆ ಮಕ್ಕಳು ತಮಗೆ ತೋಚಿದ ಫ್ಲ್ಯಾಟಿನಲ್ಲಿ ತಂದು ಇರಿಸುತ್ತಾರೆ, ಆಗ ಅಳತೆ ಯಾರದೋ ಆಗಿರುತ್ತದೆ. ಕಟ್ಟುವ ಮನಸ್ಸಿದ್ದರೆ ಅರವತ್ತರ ಸುಮಾರಿಗೆ ಕಟ್ಟಿ, ಸಹಿ ಹಾಕುವ ಮುಂಚೆ ನಕ್ಷೆಯಲ್ಲಿ ಬಚ್ಚಲಿನ ಬಾಗಿಲು ಎಷ್ಟಗಲ ಇದೆ ಎಂದು ನೋಡಿ. ಮೂರಡಿಗಿಂತ ಕಡಿಮೆ ಇದ್ದರೆ ನಕ್ಷೆಯನ್ನು ಎಂಜಿನಿಯರಿಗೆ ವಾಪಸು ಕೊಡಿ.